ಜಾಗೃತಿಗಾಗಿ ಓಡಿರಿ, ಓಡಲೆಂದು ಮಾತ್ರ ಓಡಬೇಡಿರಿ

ಕೊಡಗಿನಲ್ಲಿ ಯಾವ ಸಮಸ್ಯೆ ತಲೆಯೆತ್ತಿದರೂ ಮೊದಲು ಜನರನ್ನು ಓಡಿಸಬೇಕು ಎಂಬುದು ಈಗ ಹೆಚ್ಚೂಕಡಿಮೆ ಆಡಳಿತದ ಸೂತ್ರವೇ ಆಗಿಬಿಟ್ಟಿದೆ. ಕಾವೇರಿಗೆ ಕೊಳಚೆ ಸೇರುತ್ತಿದೆಯೇ? ಓಟ. ಮತದಾನ ಕಡಿಮೆಯಾಯಿತೇ? ಓಟ. ಹುಡುಗರು ಗಾಂಜಾ ಸೇದುತ್ತಿದ್ದಾರೆಯೇ? ಕುಶಾಲನಗರದಲ್ಲೊಂದು, ವಿರಾಜಪೇಟೆಯಲ್ಲೊಂದು ಓಟ. ಜನವರಿಯಲ್ಲಿ ರಸ್ತೆ ಸುರಕ್ಷತೆಗೆ ಓಡಬೇಕು, ಸೆಪ್ಟೆಂಬರ್ ಕೊನೆಗೆ ಹೃದಯಕ್ಕೆ ಓಡಬೇಕು, ಅಕ್ಟೋಬರ್ 31ಕ್ಕೆ ಏಕತೆಗೆ ಓಡಬೇಕು, ನವೆಂಬರ್‌ನಲ್ಲಿ ಮಧುಮೇಹಕ್ಕೆ ಓಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಬಿಡುವು. ಮಳೆಗೆ ಶಾಮಿಯಾನ ನಿಲ್ಲುವುದಿಲ್ಲವಾದ್ದರಿಂದ ಆ ಮೂರು ತಿಂಗಳು ನಮಗೆ ಯಾವ ವಿಷಯದಲ್ಲೂ ಜಾಗೃತಿ ಮೂಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಮನೆಗಳ ಮೇಲೆ ಕುಸಿದು ಬಂದ ಜಿಲ್ಲೆ ಇದು. ಆದರೂ ಗುಡ್ಡ ಅಗೆಯುವುದರ ವಿರುದ್ಧ ಒಂದು ಜಾಗೃತಿ ಓಟವನ್ನು ನಾನು ಇದುವರೆಗೆ ಕಂಡಿಲ್ಲ. ಅದಕ್ಕೆ ಜೆಸಿಬಿಗಳನ್ನು ನಿಲ್ಲಿಸಬೇಕಾಗುತ್ತದೆ. ಜನರನ್ನು ಓಡಿಸುವುದು ಅದಕ್ಕಿಂತ ಸುಲಭ.

ನಾನು ಓಡುವವನು. ಗೆಲ್ಲುವ ಜಾತಿಯವನಲ್ಲ, ಕೊನೆಯ ಆ್ಯಂಬುಲೆನ್ಸಿನ ಚಾಲಕನಿಗೆ ಮುಖಪರಿಚಯ ಇರುವ ಜಾತಿಯವನು. ಬೆಳಿಗ್ಗೆ ಎದ್ದು ಓಡಿದರೆ ದಿನ ಚೆನ್ನಾಗಿರುತ್ತದೆ ಎಂಬುದನ್ನು ಬಿಟ್ಟರೆ ನನ್ನ ಓಟಕ್ಕೆ ಬೇರೆ ಉದ್ದೇಶವಿಲ್ಲ. ಸಾರ್ವಜನಿಕ ಓಟಗಳಲ್ಲಿ ಹೆಸರು ನೋಂದಾಯಿಸಲು ಹೋದಾಗಲೆಲ್ಲ ನನ್ನ ಈ ಉದ್ದೇಶಹೀನತೆ ಬಯಲಾಗುತ್ತದೆ. ಅರ್ಜಿಯಲ್ಲಿ ‘ಯಾವ ಸಂಘದ ಪರವಾಗಿ’ ಎಂಬ ಕಲಂ ಇರುತ್ತದೆ. ಯಾರ ಪರವಾಗಿಯೂ ಇಲ್ಲ ಎಂದರೆ ಮೇಜಿನ ಆಚೆ ಕುಳಿತವರು, ಟಿಕೆಟ್ ಇಲ್ಲದ ಪ್ರಯಾಣಿಕನನ್ನು ಕಂಡ ನಿರ್ವಾಹಕನ ಹಾಗೆ ಮುಖ ನೋಡುತ್ತಾರೆ.

ವಿಚಿತ್ರವೆಂದರೆ ಇದೇ ಜಿಲ್ಲೆಯಲ್ಲಿ ಹಾಕಿಗೆ ಇಂಥ ನೆಪ ಬೇಕಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಇಂದು ನೂರಾರು ಕುಟುಂಬಗಳ ಹಬ್ಬವಾಗಿದೆ. ಅಲ್ಲಿ ಅಜ್ಜನಿಂದ ಮೊಮ್ಮಗಳವರೆಗೆ ಕೋಲು ಹಿಡಿದು ಮೈದಾನಕ್ಕೆ ಇಳಿಯುತ್ತಾರೆ. ಯಾವ ಗೋಲನ್ನೂ ಡೆಂಗಿ ನಿರ್ಮೂಲನೆಗೆ ಅರ್ಪಿಸಿದ್ದನ್ನು ನಾನು ಕೇಳಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವವರು ಕಾಯಿ ಒಡೆಯಲೆಂದೇ ಹೊಡೆಯುತ್ತಾರೆ. ಓಟದ ಮೇಲೆ ಮಾತ್ರ ನಮ್ಮವರಿಗೆ ಏನೋ ಗುಮಾನಿ. ಕಾರಣವಿಲ್ಲದೆ ಓಡುವ ಮನುಷ್ಯನನ್ನು ನಂಬಬಾರದು, ಅವನ ಎದೆಗೊಂದು ಘೋಷಣೆ ಅಂಟಿಸಬೇಕು.

ಸಮಾರಂಭದ ವಿಷಯಕ್ಕೆ ಬರುತ್ತೇನೆ. ಆಮಂತ್ರಣ ಪತ್ರಿಕೆಯಲ್ಲಿ ‘ಬೆಳಿಗ್ಗೆ 6 ಗಂಟೆಗೆ ಸರಿಯಾಗಿ’ ಎಂದಿರುತ್ತದೆ. ಆ ‘ಸರಿಯಾಗಿ’ ಓಡುವವರಿಗೆ ಮಾತ್ರ ಅನ್ವಯಿಸುತ್ತದೆ. ಆರಕ್ಕೆ ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಲ್ಲಿ ಮಂಜು ಇರುತ್ತದೆ, ಪೊಲೀಸರು ಇರುತ್ತಾರೆ, ಸರದಿಯಲ್ಲಿ ನಿಲ್ಲಿಸಿದ ಶಾಲಾ ಮಕ್ಕಳು ನಡುಗುತ್ತಿರುತ್ತಾರೆ, ಧ್ವನಿವರ್ಧಕದವನು ‘ಹಲೋ ಚೆಕ್’ ಎನ್ನುತ್ತಿರುತ್ತಾನೆ. ಉದ್ಘಾಟಕರು ಇರುವುದಿಲ್ಲ. ಅವರು ‘ದಾರಿಯಲ್ಲಿದ್ದಾರೆ’. ಆ ಹೊತ್ತನ್ನು ತುಂಬಲು ವೇದಿಕೆಯ ಮೇಲೆ ಒಬ್ಬರು ಹತ್ತಿ ಎಲ್ಲರಿಂದ ಜುಂಬಾ ಮಾಡಿಸುತ್ತಾರೆ. ಓಟಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ಬಿಸಿಯಾದ ಸ್ನಾಯು ಸುಮ್ಮನೆ ನಿಂತರೆ ಕೊಡಗಿನ ಚಳಿಗೆ ಐದೇ ನಿಮಿಷದಲ್ಲಿ ತಣ್ಣಗಾಗುತ್ತದೆ. ಹೀಗಾಗಿ ಉದ್ಘಾಟಕರು ಬರುವಷ್ಟರಲ್ಲಿ ನಾವು ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ, ಐದು ಕಿಲೋಮೀಟರ್ ಓಡಿದಷ್ಟೇ ದಣಿದಿರುತ್ತೇವೆ. ಒಮ್ಮೆಯಂತೂ ಜುಂಬಾ ಮುಗಿಸಿದ ಹಿರಿಯರೊಬ್ಬರು ಓಟ ಮುಗಿಯಿತೆಂದೇ ತಿಳಿದು ಉಪ್ಪಿಟ್ಟು ಎಲ್ಲಿ ಎಂದು ವಿಚಾರಿಸಿದರು. ಅವರನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ.

ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಅವರ ಪ್ರತಿಮೆಯ ಬುಡದಲ್ಲಿ, ಸೈನ್ಯದ ಶಿಸ್ತಿಗೆ ಹೆಸರಾದ ಜಿಲ್ಲೆಯ ಹೃದಯದಲ್ಲಿ, ಒಂದೂಕಾಲು ಗಂಟೆ ತಡವಾಗಿ ಬಂದ ಅತಿಥಿಗಳು ಮೈಕ್ ಹಿಡಿದು ‘ಶಿಸ್ತು ಮತ್ತು ಸಮಯಪಾಲನೆಯನ್ನು ಕ್ರೀಡೆ ಕಲಿಸುತ್ತದೆ’ ಎನ್ನುತ್ತಾರೆ. ಅತಿಥಿಗಳಿಗೆ ಗಿಡ ಕೊಡುವುದು ಈಗಿನ ಪದ್ಧತಿ. ನೂರು ಎಕರೆ ತೋಟದ ಒಡೆಯರೊಬ್ಬರಿಗೆ ಕುಂಡದಲ್ಲಿಟ್ಟ ಕಾಫಿ ಗಿಡವನ್ನು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಅದನ್ನು ಭಾವುಕರಾಗಿ ಸ್ವೀಕರಿಸಿದರು. ಆಮೇಲೆ ‘ನಾನು ಹೆಚ್ಚು ಮಾತನಾಡುವುದಿಲ್ಲ’ ಎಂಬ ಮಾತಿನಿಂದ ಆರಂಭವಾಗುವ ಭಾಷಣಗಳು. ಇವು ಎಷ್ಟು ಉದ್ದವೋ ಓಟ ಅಷ್ಟು ಗಿಡ್ಡವಾಗುತ್ತದೆ. ಬಿಸಿಲೇರುತ್ತಿದೆ ಎಂದು ಹತ್ತು ಕಿಲೋಮೀಟರಿನ ಓಟವನ್ನು ಅಲ್ಲೇ, ಮೈಕಿನಲ್ಲೇ, ಏಳಕ್ಕೆ ಇಳಿಸಿದ ಉದಾಹರಣೆಯೂ ಉಂಟು.

ಮುಖ್ಯ ಅತಿಥಿ ಯಾರೆಂಬುದೂ ಸ್ವಾರಸ್ಯದ ಸಂಗತಿ. 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅಶ್ವಿನಿ ನಾಚಪ್ಪ ಅವರ ಜಿಲ್ಲೆ ಇದು. 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳ ರಿಲೇಯಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದ ಎಂ.ಆರ್. ಪೂವಮ್ಮ ಅವರ ಬೇರೂ ಇಲ್ಲಿಯದೇ. ಆದರೆ ಓಟವನ್ನು ಬಲ್ಲವರು ವೇದಿಕೆಗೆ ಬಂದರೆ ಓಟವನ್ನು ಬೇಗ ಆರಂಭಿಸಿ ಎಂದುಬಿಡುವ ಅಪಾಯವಿದೆ. ಆದ್ದರಿಂದ ಸಮಿತಿಯವರು ಧಾರಾವಾಹಿಯ ನಟರನ್ನು ಕರೆಯುತ್ತಾರೆ. ಅವರು ಎಂದೂ ಅವಸರ ಮಾಡುವುದಿಲ್ಲ.

ಕೊನೆಗೆ ಹಸಿರು ನಿಶಾನೆ. ಅದನ್ನು ಒಬ್ಬರು ಬೀಸುವುದಲ್ಲ. ಏಳೆಂಟು ಕೈಗಳು ಒಂದೇ ಕೋಲನ್ನು ಹಿಡಿದು ಬೀಸುತ್ತವೆ. ನಾವು ಓಡಲು ಶುರು ಮಾಡುತ್ತೇವೆ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಛಾಯಾಗ್ರಾಹಕರು ಕೂಗುತ್ತಾರೆ: ‘ಸಾರ್, ಇನ್ನೊಂದು ಸಲ!’ ನಿಶಾನೆ ಯಾರದೋ ಮುಖಕ್ಕೆ ಅಡ್ಡ ಬಂದಿರುತ್ತದೆ. ನಾವೆಲ್ಲ ಹಿಂದಿರುಗಿ ಗೆರೆಯ ಹಿಂದೆ ನಿಲ್ಲುತ್ತೇವೆ. ಎರಡನೆಯ ಬಾರಿ ಓಡುವಾಗ ಇನ್ನೊಂದು ಅಡ್ಡಿ: ಗಣ್ಯರೂ ‘ಓಡಲು’ ತೀರ್ಮಾನಿಸಿರುತ್ತಾರೆ. ಅವರು ಸಾಲಾಗಿ, ಉದ್ದನೆಯ ಬ್ಯಾನರೊಂದನ್ನು ಹಿಡಿದು, ಎಲ್ಲರಿಗಿಂತ ಮುಂದೆ ಹೊರಡುತ್ತಾರೆ. ಮಡಿಕೇರಿಯ ರಸ್ತೆಯ ಅಗಲವೂ ಆ ಬ್ಯಾನರಿನ ಉದ್ದವೂ ಒಂದೇ. ಜಿಲ್ಲೆಯ ಅತಿ ವೇಗದ ಹುಡುಗರು, ಬಿಬ್ ಸಂಖ್ಯೆ ಕಟ್ಟಿಕೊಂಡು, ನಡೆಯುವ ರೇಷ್ಮೆ ಶಾಲುಗಳ ಹಿಂದೆ ನಡೆಯುತ್ತಾರೆ. ಜಾಣರಾದವರು ಚರಂಡಿಯ ಚಪ್ಪಡಿ ಹತ್ತಿ ಮುಂದೆ ಹೋಗುತ್ತಾರೆ. ಚಪ್ಪಡಿ ಎಲ್ಲೆಲ್ಲಿ ಇಲ್ಲ ಎಂಬುದು ಸ್ಥಳೀಯರಿಗೆ ಮಾತ್ರ ಗೊತ್ತಿರುವುದರಿಂದ ಮೊದಲ ಮೂರು ಸ್ಥಾನ ಸಾಮಾನ್ಯವಾಗಿ ಮಡಿಕೇರಿಯವರಿಗೇ ಹೋಗುತ್ತದೆ.

ದೂರದ ಬಗ್ಗೆ ನಮ್ಮ ಸಂಘಟಕರನ್ನು ನಾನು ಬೈಯುವುದಿಲ್ಲ. ಅವರ ಹಿಂದೆ ಇತಿಹಾಸವಿದೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ಎಂದು ಇಂದು ಲೋಕವೆಲ್ಲ ಒಪ್ಪಿದೆಯಲ್ಲ, ಆ ಬೆಸ ಸಂಖ್ಯೆ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ಅಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತಿದ್ದ ಜಾಗದ ಎದುರು ಮುಗಿಯಿತು. ಒಟ್ಟು 26 ಮೈಲಿ 385 ಗಜ. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ದೊಡ್ಡವರ ಕುರ್ಚಿ ಎಲ್ಲಿದೆಯೋ ಕೊನೆಯ ಗೆರೆ ಅಲ್ಲಿಗೆ ಬರಬೇಕು ಎಂಬ ನಿಯಮವನ್ನು ಮಡಿಕೇರಿ ಕಂಡುಹಿಡಿದದ್ದಲ್ಲ, ಲಂಡನ್ನಿನಿಂದ ಕಲಿತದ್ದು. ವ್ಯತ್ಯಾಸ ಇಷ್ಟೇ: ಅವರು ಒಮ್ಮೆ ಕುರ್ಚಿ ಹಾಕಿ ನೂರು ವರ್ಷ ಅದಕ್ಕೆ ಬದ್ಧರಾದರು. ನಮ್ಮಲ್ಲಿ ಶಾಮಿಯಾನದವರು ಪ್ರತಿ ವರ್ಷ ಬೇರೆ ಕಡೆ ಗೂಟ ಹೊಡೆಯುತ್ತಾರೆ.

ಓಟದ ದಾರಿಯನ್ನು ಅಳೆಯಲು ಜಗತ್ತಿನಾದ್ಯಂತ ಒಪ್ಪಿತವಾದ ವಿಧಾನವೊಂದಿದೆ. ಗುರುತು ಮಾಡಿದ ನೇರ ದೂರದಲ್ಲಿ ಮೊದಲು ಪರೀಕ್ಷಿಸಿದ ಸೈಕಲ್ಲಿಗೆ ಚಕ್ರದ ಸುತ್ತು ಎಣಿಸುವ ಸಾಧನ ಕಟ್ಟಿ, ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ತುಳಿಯುತ್ತಾರೆ. ದಾರಿ ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚುವರಿಯಾಗಿ ಸೇರಿಸುತ್ತಾರೆ. ನಮ್ಮಲ್ಲಿ ಸಮಿತಿಯ ಕಾರ್ಯದರ್ಶಿ ತಮ್ಮ ಜೀಪಿನಲ್ಲಿ ಒಂದು ಸುತ್ತು ಹೋಗಿ, ನಡುವೆ ಕೋಳಿ ಅಂಗಡಿಗೆ ಹೋದದ್ದನ್ನು ಅಂದಾಜಿನಲ್ಲಿ ಕಳೆಯುತ್ತಾರೆ. ಇದರಿಂದ ಯಾರಿಗೂ ನಷ್ಟವಾಗಿಲ್ಲ. ಹತ್ತು ಕಿಲೋಮೀಟರ್ ಎಂದದ್ದು ಎಂಟೂವರೆಗೆ ಮುಗಿದ ದಿನ ಎಲ್ಲರಿಗೂ ಜೀವಮಾನದ ಅತ್ಯುತ್ತಮ ಸಮಯ ದಾಖಲಾಯಿತು. ಜಿಪಿಎಸ್ ಗಡಿಯಾರ ಕಟ್ಟಿದ್ದವರು ‘ಸಿಲ್ವರ್ ಓಕ್ ಮರಗಳ ಅಡಿಯಲ್ಲಿ ಉಪಗ್ರಹ ಸಿಗುವುದಿಲ್ಲ’ ಎಂದು ಹೇಳಿ ಸಂತೋಷವಾಗಿ ಮನೆಗೆ ಹೋದರು. ನನ್ನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗವೂ ಸಮಯದ ಜಾಗವೂ ಖಾಲಿ ಇದ್ದವು. ನೀವೇ ತುಂಬಿಕೊಳ್ಳಿ ಎಂದರು. ನಾನು ಸಂಕೋಚದಿಂದಲೇ ತುಂಬಿಕೊಂಡೆ. ಇಷ್ಟು ವಿಶ್ವಾಸವನ್ನು ಸರ್ಕಾರಿ ಕಚೇರಿಗಳೂ ನಾಗರಿಕನ ಮೇಲೆ ಇಡಬೇಕು.

ಇನ್ನು ಕೆಲವು ಸಂಘಟಕರ ಕಣ್ಣು ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ಹೆದ್ದಾರಿಯ ಮೇಲಿದೆ. ಸುಮಾರು 30 ಕಿಲೋಮೀಟರಿನಲ್ಲಿ ಮುನ್ನೂರು ಮೀಟರಿನಷ್ಟು ಇಳಿಜಾರು. ದಾಖಲೆಗೆ ಪರಿಗಣಿಸುವ ರಸ್ತೆ ಓಟದಲ್ಲಿ ಕಿಲೋಮೀಟರಿಗೆ ಸರಾಸರಿ ಒಂದು ಮೀಟರಿಗಿಂತ ಹೆಚ್ಚು ಇಳಿಜಾರು ಇರಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ನಮ್ಮದು ಅದರ ಹತ್ತು ಪಟ್ಟು. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ಹೊರಬೇಕಾಗುತ್ತದೆ. ಆ ನೋವು ಮರುದಿನ, ಅದರ ಮರುದಿನ ಹೆಚ್ಚುತ್ತದೆ. ಅಂದರೆ ಭಾನುವಾರ ಪದಕ ಹಾಕಿಕೊಂಡು ಹಾರುವವನು ಮಂಗಳವಾರ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಾನೆ. ಆ ದಿನ ಚಿತ್ರ ತೆಗೆಯುವವರು ಯಾರೂ ಇರುವುದಿಲ್ಲ.

ಬೆಂಗಳೂರಿನಿಂದ ಬರುವ ಓಟಗಾರರನ್ನು ಬಿಟ್ಟರೆ ಲೇಖನ ಅಪೂರ್ಣವಾಗುತ್ತದೆ. ಶುಕ್ರವಾರ ರಾತ್ರಿ ಕಾರಿನಲ್ಲಿ ಹೊರಟು ಶನಿವಾರ ಹೋಂಸ್ಟೇ ಸೇರಿ, ‘ಎತ್ತರದ ಪ್ರದೇಶದ ತರಬೇತಿಗೆ ಬಂದಿದ್ದೇವೆ’ ಎನ್ನುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಸ್ವಲ್ಪ ಹೆಚ್ಚು ಎತ್ತರದಲ್ಲಿದೆ. ಮಡಿಕೇರಿ ಅದಕ್ಕಿಂತ ಕಾಲು ಕಿಲೋಮೀಟರ್ ಮೇಲಿದೆ. ರಕ್ತದಲ್ಲಿ ಕೆಂಪುಕಣ ಹೆಚ್ಚಲು ಎರಡು ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿ ವಾರಗಟ್ಟಲೆ ಬದುಕಬೇಕು. ನಮ್ಮ ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ ಶಿಖರದ ನೆತ್ತಿಯೇ 1,748 ಮೀಟರ್. ಅಲ್ಲಿ ಹೋಂಸ್ಟೇ ಇನ್ನೂ ಬಂದಿಲ್ಲ. ಆದರೂ ಅವರ ಉಸಿರು ಏರುವುದು ನಿಜ. ಹಿಂದಿನ ರಾತ್ರಿಯ ಪಂದಿಕರಿಯ ಪಾತ್ರವನ್ನು ಯಾವ ಗಡಿಯಾರವೂ ತೋರಿಸುವುದಿಲ್ಲ.

ಇವೆಲ್ಲದರ ಮೇಲೆ ನಮ್ಮದೇ ಭಾನುವಾರದ ಗುಂಪು ಒಂದಿದೆ. ಬೆಳೆಗಾರರು, ಬ್ಯಾಂಕಿನವರು, ಇಬ್ಬರು ಮೇಷ್ಟ್ರು, ಒಬ್ಬ ದಂತವೈದ್ಯರು, ಸುಂಟಿಕೊಪ್ಪದ ಕಡೆಯ ತೋಟದ ರಸ್ತೆ. ವಾರದ ಹೆಚ್ಚಿನ ಓಟ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಆಗುವಷ್ಟು ನಿಧಾನವಾಗಿರಬೇಕು ಎಂಬುದು ತರಬೇತುದಾರರ ಮಾತು. ಈ ಒಂದು ಉಪದೇಶವನ್ನು ನಾವು ಅಕ್ಷರಶಃ ಪಾಲಿಸುತ್ತೇವೆ. ಮಾತೆಲ್ಲ ರೊಬಸ್ಟಾ ಮತ್ತು ಕರಿಮೆಣಸಿನ ದರ. ಬೆಲೆ ಏರಿದ ವಾರ ಬೆಳೆಗಾರರು ವಿವರಣೆ ಕೊಡಲು ನಿಂತೇಬಿಡುವುದರಿಂದ ಗುಂಪು ತೆವಳುತ್ತದೆ. ಬೆಲೆ ಇಳಿದ ವಾರ ಅವರು ಬ್ಯಾಂಕಿನವರಿಂದ ಅಂತರ ಕಾಯ್ದುಕೊಳ್ಳುವ ಭರದಲ್ಲಿ ಎಂದೂ ಕಾಣದ ವೇಗ ತೋರುತ್ತಾರೆ. ಕೊಡಗಿನ ಓಟಗಾರರ ಸಾಮರ್ಥ್ಯ ಹೆಚ್ಚಬೇಕಾದರೆ ಕಾಫಿ ಮಾರುಕಟ್ಟೆ ಕುಸಿಯಬೇಕೆಂದು ಇದರಿಂದ ತಿಳಿಯುತ್ತದೆ. ಓಟದ ನಂತರದ ಕಡಂಬುಟ್ಟಿನ (ಅಕ್ಕಿ ತರಿಯ ಕಡುಬಿನ) ಲೆಕ್ಕ ಬೇಡ. 70 ಕಿಲೋ ತೂಕದವನು ಕಿಲೋಮೀಟರಿಗೆ 70 ಕ್ಯಾಲೊರಿಯಷ್ಟು ಖರ್ಚು ಮಾಡುತ್ತಾನೆ, ನಾವು ಐದು ಕಿಲೋಮೀಟರಿನ ಗಳಿಕೆಯನ್ನು ಎರಡನೆಯ ಬಡಿಸುವಿಕೆಗೇ ಮುಗಿಸುತ್ತೇವೆ.

ಆ ರಸ್ತೆಯಲ್ಲಿ ಓಡುವುದಕ್ಕೆ ಒಂದೇ ಅರ್ಥವಿದೆ. ಕಾಫಿ ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ತೋಟದ ಪಿಕಪ್ ವಾಹನಕ್ಕೆ ಕಾಯುತ್ತ ನಿಂತ ಹೆಂಗಸರು, ತಿರುವಿನಲ್ಲಿ ನಾವು ಹತ್ತಾರು ಜನ ಒಟ್ಟಿಗೆ ಓಡಿ ಬರುವುದನ್ನು ಕಂಡು ಚೀಲ ಬುತ್ತಿ ಎತ್ತಿಕೊಂಡು ತಾವೂ ಓಡತೊಡಗಿದರು. ಲೈನ್ ಮನೆಯ ಅಂಗಳ ಸೇರಿದ ಮೇಲೆ ಒಬ್ಬಾಕೆ ಏದುಸಿರಿನಲ್ಲಿ ಕೇಳಿದಳು: ‘ಒಂಟಿಯೋ, ಹಿಂಡೋ ಸಾರ್?’

ಆನೆ ಇಲ್ಲ, ನಾವು ಸುಮ್ಮನೆ ಓಡುತ್ತಿದ್ದೇವೆ ಎಂದೆವು.

‘ಸುಮ್ಮನೆಯಾ?’ ಎಂದು ಆಕೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಬುತ್ತಿಯ ಮುಚ್ಚಳ ಸರಿಮಾಡಿಕೊಂಡು, ‘ಹಾಗಾದರೆ ಮೊದಲೇ ಹೇಳಬಾರದೇ’ ಎಂದಳು.

ಹೇಳಬೇಕಿತ್ತು. ಏಷ್ಯಾದ ಆನೆ ಬೇಕೆಂದರೆ ಗಂಟೆಗೆ 25 ಕಿಲೋಮೀಟರಿನ ಸಮೀಪದ ವೇಗದಲ್ಲಿ ಬರಬಲ್ಲದು. 2023ರಲ್ಲಿ ಶಿಕಾಗೊದಲ್ಲಿ ಎರಡು ಗಂಟೆ 35 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದ ಕೆಲ್ವಿನ್ ಕಿಪ್ಟಮ್ ಅವರ ಸರಾಸರಿಯೇ ಗಂಟೆಗೆ 21 ಕಿಲೋಮೀಟರ್. ದಂತವೈದ್ಯರ ಸರಾಸರಿ ಏಳು.

ಆ ಹೆಂಗಸರೂ ಅವರ ಮಕ್ಕಳೂ ದಿನವೂ ಇದೇ ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಅಂಚು ಎಂಬುದು ಇದ್ದರೆ. ಡಾಂಬರು ಮುಗಿದಲ್ಲಿ ಚರಂಡಿ, ಚರಂಡಿ ಮುಗಿದಲ್ಲಿ ತೋಟದ ಬೇಲಿ. ವಾರಾಂತ್ಯದಲ್ಲಿ ಪ್ರವಾಸಿಗರ ಕಾರುಗಳು ತಿರುವಿನಲ್ಲಿ ಹಾರನ್ ಒತ್ತುತ್ತ ಬರುವಾಗ ಮಗು ಬೇಲಿಗೆ ಆತು ನಿಲ್ಲಬೇಕು. ರಸ್ತೆ ಸುರಕ್ಷತೆಗಾಗಿ ಓಡುವ ದಿನ ಮಾತ್ರ ಎರಡು ಗಂಟೆ ರಸ್ತೆ ಮುಚ್ಚುತ್ತಾರೆ, ಪೊಲೀಸರು ಸೀಟಿ ಊದುತ್ತಾರೆ, ಕಾಲಿರುವ ಮನುಷ್ಯನಿಗೆ ಗೌರವ ಸಿಗುತ್ತದೆ. ಒಂಬತ್ತಕ್ಕೆ ರಸ್ತೆ ತೆರೆದ ಕೂಡಲೇ, ಪದಕ ಹಾಕಿಕೊಂಡವರೇ ಕಾರು ಹತ್ತಿ ಅದೇ ಮಗುವಿಗೆ ಹಾರನ್ ಒತ್ತುತ್ತಾರೆ.

ಪರಿಸರದ ಓಟ ಇದಕ್ಕಿಂತ ಒಂದು ತೂಕ ಮುಂದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನು 2016ರಲ್ಲೇ ನಿಷೇಧಿಸಲಾಗಿದೆ. ‘ಪ್ಲಾಸ್ಟಿಕ್ ಮುಕ್ತ ಕೊಡಗು’ ಎಂಬ ಘೋಷಣೆ ಮಾತ್ರ ಇಪ್ಪತ್ತು ಅಡಿಯ ಫ್ಲೆಕ್ಸ್ ಮೇಲೆಯೇ ಚೆನ್ನಾಗಿ ಕಾಣುತ್ತದಂತೆ. ಅದನ್ನೇ ಎದೆಯ ಮೇಲೆ ಅಚ್ಚು ಹಾಕಿದ ಟೀ ಶರ್ಟ್ ಪಾಲಿಯೆಸ್ಟರಿನದು. ಅದೂ ಪ್ಲಾಸ್ಟಿಕ್ಕೇ, ನೂಲಾಗಿದೆ ಅಷ್ಟೇ. ದಾರಿಯುದ್ದಕ್ಕೂ ಸಣ್ಣ ನೀರಿನ ಬಾಟಲಿಗಳು, ಎರಡು ಗುಟುಕಿಗೊಂದರಂತೆ. ಓಟ ಮುಗಿದ ಮೇಲೆ ಅವನ್ನು ಹೆಕ್ಕಲು ಪೌರಕಾರ್ಮಿಕರು ಬೆನ್ನು ಬಾಗಿಸಿ ಅದೇ ದಾರಿಯನ್ನು ಪೂರ್ತಿ ಕ್ರಮಿಸುತ್ತಾರೆ. ಇಡೀ ದೂರವನ್ನು ನಿಜವಾಗಿ ಮುಗಿಸುವವರು ಅವರೊಬ್ಬರೇ. ಅವರಿಗೆ ಪದಕವಿಲ್ಲ.

ಬಹುಮಾನದ ಹೊತ್ತಿಗೆ ಮತ್ತೆ ಭಾಷಣ. ಒಂದು ಸಲ ಹೆಣ್ಣುಮಕ್ಕಳ ವಿಭಾಗದಲ್ಲಿ ತಿತಿಮತಿ ಕಡೆಯ ಆದಿವಾಸಿ ಹಾಡಿಯ ಹುಡುಗಿ ಗೆದ್ದಳು. ಕೊಟ್ಟ ಶೂ ದೊಡ್ಡದಾಗಿದ್ದುದರಿಂದ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಓಡಿದ್ದಳು. ಅವಳ ಹಿಂದೆ ಬಂದವರ ಶೂಗಳ ಬೆಲೆ ಕೂಡಿಸಿದರೆ ಹಾಡಿಗೆ ಒಂದು ಕೊಳವೆಬಾವಿ ಆಗುತ್ತಿತ್ತು. ಪ್ರಾಯೋಜಕರು ಕೊಟ್ಟ ಬಹುಮಾನ: ಮಡಿಕೇರಿಯ ಜಿಮ್ಮಿನಲ್ಲಿ ಒಂದು ವರ್ಷದ ಸದಸ್ಯತ್ವ ಮತ್ತು ಒಂದು ಡಬ್ಬಿ ಪ್ರೋಟೀನ್ ಪುಡಿ. ಅವಳ ಊರಿನಿಂದ ಜಿಮ್ಮಿಗೆ ಬರಬೇಕಾದರೆ ಎರಡು ಬಸ್ ಬದಲಿಸಬೇಕು. ಅವಳು ಆ ಲಕೋಟೆಯನ್ನು ಪಿ.ಟಿ. ಮೇಷ್ಟ್ರ ಕೈಗೆ ಕೊಟ್ಟು ಡಬ್ಬಿಯನ್ನು ಮಾತ್ರ ಇಟ್ಟುಕೊಂಡಳು. ಡಬ್ಬಿ ಗಟ್ಟಿಯಾಗಿತ್ತು, ಅಕ್ಕಿ ಹಾಕಿಡಲು ಆಗುತ್ತದೆ ಎಂದಳಂತೆ. ಮರುದಿನದ ವರದಿಯಲ್ಲಿ ವೇದಿಕೆಯ ಮೇಲಿದ್ದ ಎಲ್ಲರ ಹೆಸರೂ ಅನುಕ್ರಮವಾಗಿ ಇದ್ದವು. ಕೊನೆಗೆ ‘ಹಾಗೂ ಇತರರು ಪಾಲ್ಗೊಂಡಿದ್ದರು’ ಎಂದಿತ್ತು. ಗೆದ್ದವಳು ಆ ಇತರರಲ್ಲಿ ಒಬ್ಬಳು.

ಇಷ್ಟೆಲ್ಲ ನೋಡಿದ ಮೇಲೆ ಸಮಿತಿಯವರ ಸಭೆಯಲ್ಲಿ ನಾನೊಂದು ಸಲಹೆ ಮುಂದಿಟ್ಟೆ. ಕಾರ್ಯಕ್ರಮದಲ್ಲಿ ತೊಂದರೆ ಕೊಡುತ್ತಿರುವುದು ಓಟವೊಂದೇ. ಅದಕ್ಕೆ ರಸ್ತೆ ಮುಚ್ಚಬೇಕು, ನೀರು ಕೊಡಬೇಕು, ಆ್ಯಂಬುಲೆನ್ಸ್ ಇಡಬೇಕು, ಭಾಷಣ ಮೊಟಕುಗೊಳಿಸಬೇಕು. ಓಟವನ್ನು ಕೈಬಿಟ್ಟರೆ ನಿಶಾನೆ, ಜುಂಬಾ, ಗಿಡ, ಬ್ಯಾನರ್, ಉಪ್ಪಿಟ್ಟು ಎಲ್ಲವೂ ನೆಮ್ಮದಿಯಿಂದ ನಡೆಯುತ್ತವೆ. ಪದಕಗಳನ್ನು ಹೇಗೂ ಎಲ್ಲರಿಗೂ ಕೊಡುತ್ತೇವೆ, ಕುಳಿತಲ್ಲಿಗೇ ಕೊಡಬಹುದು. ಓಡಬೇಕೆಂಬ ಚಟ ಇರುವವರು ಮರುದಿನ ಬೆಳಿಗ್ಗೆ, ಯಾರಿಗೂ ತಿಳಿಯದಂತೆ, ಆನೆ ಎಲ್ಲಿದೆ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ನೋಡಿಕೊಂಡು ಓಡಿಕೊಳ್ಳಲಿ.

ನಾನು ಕುಚೋದ್ಯಕ್ಕೆ ಹೇಳಿದ್ದೆ. ಅಧ್ಯಕ್ಷರು ಅದನ್ನು ಬರೆದುಕೊಂಡರು. ಖಜಾಂಚಿಯವರು ಮಾತ್ರ ಸ್ವಲ್ಪ ಹೊತ್ತು ಯೋಚಿಸಿ ಒಂದು ಆಕ್ಷೇಪ ಎತ್ತಿದರು: ಓಟವೇ ಇಲ್ಲದಿದ್ದರೆ, ಹೋದ ವರ್ಷ ಉಳಿದಿರುವ ಎಕ್ಸ್‌ಎಲ್ ಟೀ ಶರ್ಟ್‌ಗಳನ್ನು ಯಾರಿಗೆ ಹಾಕುವುದು? ಅದಕ್ಕೂ ಉತ್ತರ ಕೂಡಲೇ ಸಿಕ್ಕಿತು. ಮೂರನೆಯ ತರಗತಿಯ ಮಕ್ಕಳನ್ನು ಕರೆಸಿದರಾಯಿತು, ಮೊಣಕಾಲಿನವರೆಗೆ ಬರುತ್ತದೆ, ಚಳಿಗೂ ಒಳ್ಳೆಯದು.